ಮುಖಂಡಮ್ಮ ಓಕ್‌ಬುನ್ ಮತ್ತು ಭಾವನ ಗಡ್ಡ

ಸೋಲ್ಗೊಲ್ ಊರಿನವರು ತಾಕ್ ಓಕ್‌ಬುನ್‌ಳನ್ನು ಮುಖಂಡಮ್ಮನನ್ನಾಗಿ ಆರಿಸಿದ್ದು ಅವಳ ಬುದ್ಧಿ ನೋಡಿಯಲ್ಲ, ಗಂಟಲು ನೋಡಿ. ನಾಲ್ಕು ವರ್ಷದ ಹಿಂದೆ ಹಳೆಯ ಮುಖಂಡ ಮಂಡಿನೋವೆಂದು ಕೆಳಗಿಳಿದ. ಅದೇ ವಾರ ಊರ ಭವನದ ಮೇಲಿನ ಮೈಕೂ ಕೆಟ್ಟು ಕೂತಿತು. ಹೊಸಬರನ್ನು ಆರಿಸಲು ಸಭೆ ಸೇರಬೇಕು, ಸಭೆ ಇದೆಯೆಂದು ಹೇಳಲು ಮೈಕಿಲ್ಲ. ಓಕ್‌ಬುನ್ ಭವನದ ಮೆಟ್ಟಿಲ ಮೇಲೆ ನಿಂತು "ಸಭೆ ಇದೆ, ಬನ್ರೋ!" ಎಂದು ಒಂದೇ ಒಂದು ಸಲ ಕೂಗಿದಳು. ಹಳ್ಳದ ಆಚೆ ದಡದವರೂ ಬಂದರು. ಪಕ್ಕದ ಊರಿನ ಇಬ್ಬರು ಓಡೋಡಿ ಬಂದು, ಇದು ತಮ್ಮೂರ ಸಭೆಯಲ್ಲವೆಂದು ತಿಳಿದ ಮೇಲೆ, ಬಂದ ತಪ್ಪಿಗೆ ಬಾರ್ಲಿ ನೀರು ಕುಡಿದು ಹೋದರು. ಇನ್ನು ಚುನಾವಣೆ ಯಾಕೆ?

ಆ ಗಂಟಲು ಪಳಗಿದ್ದು ಬಸ್ಸಿನಲ್ಲಿ. ಹದಿನೇಳನೇ ವಯಸ್ಸಿಗೇ ಅವಳು ಕಡಲತಡಿಯ ಸಂಚೋಕ್ ಪಟ್ಟಣದಿಂದ ಗಣಿ ಊರುಗಳಿಗೆ ಘಟ್ಟ ಹತ್ತುವ ಬಸ್ಸಿನಲ್ಲಿ ಕಂಡಕ್ಟರಳಾಗಿದ್ದಳು. ಐವತ್ತು ಜನ ಹಿಡಿಸುವ ಬಸ್ಸಿಗೆ ತೊಂಬತ್ತು ಜನರನ್ನು ತುಂಬಿ, ಕೊನೆಯವನ ಬೆನ್ನಿಗೆ ತನ್ನ ಭುಜ ಕೊಟ್ಟು ಒಳಕ್ಕೆ ಒತ್ತಿ, ತಗಡಿನ ಮೇಲೆ ಎರಡು ಏಟು ಹಾಕಿ "ರೈಟ್!" ಅಂದರೆ ಡ್ರೈವರನಿಗೆ ಹಾರ್ನ್ ಬೇಕಾಗುತ್ತಿರಲಿಲ್ಲ. ಹಾಗೆ ಒತ್ತಿಸಿಕೊಂಡವರಲ್ಲಿ ಮೇಂಗ್ ದಾಲ್‌ಸು ಒಬ್ಬ. ಒಮ್ಮೆ ಒತ್ತಿಸಿಕೊಂಡವನು ಕೆಲಸವಿಲ್ಲದಿದ್ದರೂ ಮತ್ತೆ ಮತ್ತೆ ಅದೇ ಬಸ್ಸಿಗೆ ಬಂದ. ಮದುವೆಯಾಗಿ ಈಗ ನಲವತ್ತಾರು ವರ್ಷ. ಅವನು ಮಿತಭಾಷಿ, ಬಲಗಿವಿ ಕೇಳಿಸದು. ಊಟಕ್ಕೆ ಕೂತಾಗ ಹೆಂಡತಿಯ ಕಡೆಗೆ ಬರುವುದು ಯಾವಾಗಲೂ ಆ ಬಲಗಿವಿಯೇ. ಅದು ಆಕಸ್ಮಿಕವೆಂದು ಅವನು ಹೇಳುತ್ತಾನೆ.

ಅವಳ ಬಾಯಿಗೆ ಹೆದರದೆ ಇದ್ದವಳು ಒಬ್ಬಳೇ, ಅವಳ ಅತ್ತೆ. ಆ ಮುದುಕಿ ಬೈದವಳಲ್ಲ. ಗದ್ದವನ್ನು ಒಂದಿಷ್ಟು ಮುಂದೆ ಚಾಚಿ, ತುಟಿ ಒತ್ತಿ, ಸುಮ್ಮನೆ ನೋಡುತ್ತಿದ್ದಳು. ಅಷ್ಟಕ್ಕೇ ಓಕ್‌ಬುನ್ ಎಲೆಕೋಸಿನ ಉಪ್ಪಿನಕಾಯಿ ಕಿಮ್ಚಿಗೆ ಉಪ್ಪು ಹೆಚ್ಚಾಗಿದ್ದನ್ನೂ, ಜಾಡಿಯ ಬಾಯಿ ಮುಚ್ಚಲು ಮರೆತಿದ್ದನ್ನೂ, ಮಾಡದ ಇನ್ನೆರಡು ತಪ್ಪುಗಳನ್ನೂ ಒಪ್ಪಿಕೊಂಡುಬಿಡುತ್ತಿದ್ದಳು. ಅತ್ತೆ ತೀರಿಕೊಂಡು ಹತ್ತೊಂಬತ್ತು ವರ್ಷವಾಯಿತು. ಆಮೇಲೆ ಊರಿನಲ್ಲಿ ಅವಳನ್ನು ಎದುರಿಸುವವರು ಯಾರೂ ಉಳಿಯಲಿಲ್ಲ, ಭಾವ ಹಾಕ್‌ಚೋಲ್‌ನನ್ನು ಬಿಟ್ಟು.

ಹಾಕ್‌ಚೋಲ್ ದಾಲ್‌ಸುವಿನ ಅಣ್ಣ. ಎಪ್ಪತ್ತೊಂಬತ್ತು ವರ್ಷ. ಇಪ್ಪತ್ತಾರು ವರ್ಷ ಕಲ್ಲಿದ್ದಲ ಗಣಿಯೊಳಗೆ ದುಡಿದು, ಎದೆಯೊಳಗೆ ಅರ್ಧ ಗಣಿಯನ್ನೇ ಹೊತ್ತು ಮೇಲೆ ಬಂದವನು. ಮೆಟ್ಟಿಲು ಹತ್ತಿದರೆ ಏದುಸಿರು, ಮಾತಿನ ನಡುವೆ ಕೆಮ್ಮು. ಗಣಿಯಲ್ಲಿದ್ದಾಗ ದೂಳಿನ ಮಾಸ್ಕ್ ಕೆನ್ನೆಗೆ ಅಂಟಬೇಕೆಂದು ದಿನಾ ಬೆಳಿಗ್ಗೆ ಗಡ್ಡ ಬೋಳಿಸಲೇಬೇಕಿತ್ತಂತೆ. ನಿವೃತ್ತಿಯಾದ ದಿನ ಕ್ಷೌರದ ಕತ್ತಿಯನ್ನು ಹಳ್ಳಕ್ಕೆಸೆದು, "ಇನ್ನು ಈ ಮುಖ ನಂದು" ಎಂದ. ಅಂದಿನಿಂದ ಬೆಳೆದ ಗಡ್ಡ ಎದೆಗಿಳಿದು, ಗುಡಿಯ ಪಟದಲ್ಲಿರುವ ದೇವರ ಗಡ್ಡದಷ್ಟೇ ಬೆಳ್ಳಗಾಗಿ, ಊರವರು ಅವನನ್ನು ಬೆಟ್ಟದ ದೇವರು ಎಂದು ಕರೆಯತೊಡಗಿದರು. ಬೇಸಿಗೆಯಲ್ಲಿ ಸಮುದ್ರಕ್ಕೆ ಬಂದವರು ದಾರಿತಪ್ಪಿ ಈ ಕಡೆ ಬಂದರೆ ಅವನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಆಗ ಅವನು ಕೆಮ್ಮನ್ನು ಹೇಗೋ ತಡೆದುಕೊಂಡು, ದೇವರ ಹಾಗೆಯೇ ನಿಲ್ಲುತ್ತಿದ್ದ.

ಈ ಸಲದ ಏಪ್ರಿಲ್‌ನಲ್ಲಿ ಘಟ್ಟದ ಗಾಳಿ ಮೂರು ದಿನದಿಂದ ಸಮುದ್ರದ ಕಡೆಗೆ ಒಂದೇ ಸಮನೆ ಬೀಸುತ್ತಿತ್ತು. ಎರಡು ಗುಡ್ಡದಾಚೆ ಪೈನ್ ಕಾಡಿಗೆ ಬೆಂಕಿ ಬಿತ್ತು. ಬೆಂಕಿ ಈ ಕಡೆ ಬರುವುದಿಲ್ಲ, ಊರು ಬಿಡಬೇಕಾಗಿಲ್ಲ ಎಂದು ಸರಕಾರದಿಂದ ಫೋನಿಗೆ ಸಂದೇಶ ಬಂತು. ಹೊಗೆಗೆ ಮಾತ್ರ ಆ ಸಂದೇಶ ತಲುಪಲಿಲ್ಲ. ಬೆಳಗಾಗುವಷ್ಟರಲ್ಲಿ ಆಕಾಶ ಹಳೇ ಹಿತ್ತಾಳೆ ಪಾತ್ರೆಯ ಬಣ್ಣಕ್ಕೆ ತಿರುಗಿ, ಒಗೆದು ಹಾಕಿದ ಬಟ್ಟೆಯ ಮೇಲೆ ಬೂದಿ ಬಿದ್ದಿತ್ತು.

ಆರೋಗ್ಯ ಕೇಂದ್ರದ ನರ್ಸ್ ಯೋನ್‌ಸಿಲ್ ಫೋನ್ ಮಾಡಿದಳು. "ಮುಖಂಡಮ್ಮ, ಬರ್ಕೊಳ್ಳಿ. ಕಣ್ಣಿಗೆ ಕಾಣೋ ಬೂದಿ ಅಷ್ಟು ಕೆಟ್ಟದ್ದಲ್ಲ. ಕಾಣದೇ ಇರೋ ದೂಳು ಇದೆಯಲ್ಲ, ಅದು ಎದೆ ಒಳಗೆ ಇಳಿದು ಕೂತ್ಕೊಳ್ಳುತ್ತೆ. ಕಿಟಕಿ ಬಾಗಿಲು ಹಾಕ್ಸಿ. ಸಂದಿಗೆ ಒದ್ದೆ ಟವೆಲ್ ಇಡ್ಸಿ. ಎದೆ, ಹೃದಯ ವೀಕಾಗಿರೋರನ್ನ ಭವನದ ಒಂದು ರೂಮಲ್ಲಿ ಸೇರ್ಸಿ, ಗಾಳಿ ಶುದ್ಧ ಮಾಡೋ ಮೆಷಿನ್ ಹಾಕ್ಬಿಡಿ. ಹೊರಗೆ ಬರೋದಾದ್ರೆ ದಪ್ಪ ಮಾಸ್ಕು, ಮೂಗಿನ ತಂತಿ ಒತ್ತಿ, ಕೆನ್ನೆಗೆ ಅಂಟೋ ಹಂಗೆ. ಕರ್ಚೀಫು ಕಟ್ಕೊಂಡ್ರೆ ಏನೂ ಆಗಲ್ಲ. ಮತ್ತೆ ಒಳಗೆ ಹುರಿಯೋದು ಕರಿಯೋದು ಬೇಡವೇ ಬೇಡ."

ಓಕ್‌ಬುನ್ ಎಲ್ಲವನ್ನೂ ಬರೆದುಕೊಂಡು ಮಾಸ್ಕ್ ಹಾಕಿಕೊಂಡು ಭವನಕ್ಕೆ ಹೋದಳು. ರಿಪೇರಿಯಾದ ಮೈಕಿನ ಮುಂದೆ ಕೂತು, ಮಾತು ಸ್ಪಷ್ಟವಾಗಿರಲೆಂದು ಮಾಸ್ಕನ್ನು ಗದ್ದಕ್ಕೆ ಎಳೆದುಕೊಂಡಳು.

"ಆ... ಆ... ಮೈಕ್ ಪರೀಕ್ಷೆ. ಕೇಳಿಸ್ತಿಲ್ಲ ಅನ್ನೋರು ಕೈ ಎತ್ತಿ. ಸರಿ, ಯಾರೂ ಎತ್ತಿಲ್ಲ. ಎಲ್ರೂ ಕಿಟಕಿ ಹಾಕ್ಕೊಳ್ಳಿ. ಪ್ಯೋ ಅಜ್ಜಿ, ನಿಮ್ಮ ಹಿತ್ತಿಲ ಕಿಟಕಿ ತೆರೆದಿದೆ, ಇಲ್ಲಿಗೇ ಕಾಣ್ತಿದೆ. ಪಾನ್‌ಸು ಅಣ್ಣ, ಹೊಲದಲ್ಲಿ ಕಸಕ್ಕೆ ಬೆಂಕಿ ಹಾಕೋಕೆ ಹೊರಟಿದ್ರಂತೆ. ಹೊಗೆ ಸಾಲ್ತಿಲ್ಲ ಅಂತ ನಿಮಗೆ ಯಾರಾದ್ರೂ ದೂರು ಕೊಟ್ರಾ? ಕೆಮ್ಮೋರು, ಉಬ್ಬಸದೋರು, ಹಾರ್ಟಿನೋರು ಭವನಕ್ಕೆ ಬನ್ನಿ. ಹಾಕ್‌ಚೋಲ್ ಭಾವ, ನೀವೂ ಬನ್ನಿ. ಭಾವ, ಕೇಳಿಸ್ತಾ? ನೀವು ಕೆಮ್ಮಿದ್ದು ನನಗೆ ಕೇಳಿಸ್ತು."

ಹೀಗೆ ಬೆಳಿಗ್ಗೆ ಮೂರು ಸಲ. ಮೂರು ಸಲವೂ ಮಾಸ್ಕ್ ಗದ್ದಕ್ಕಿಳಿಯಿತು, ಕಿಟಕಿಯ ಸಂದಿಯಿಂದ ಹೊಗೆ ಒಳಗಿಳಿಯಿತು. ಹತ್ತು ಗಂಟೆಗೆ ದಾಲ್‌ಸುವೂ ಸೇರಿ ಒಂಬತ್ತು ಜನ ಬಂದರು. ಕರೋನಾ ಕಾಲದಿಂದ ಉಳಿದ ಮಾಸ್ಕುಗಳು ಎಲ್ಲರ ಮನೆಯಲ್ಲೂ ಇದ್ದವು. ಹಾಕಿಕೊಳ್ಳುವ ರೀತಿ ಮಾತ್ರ ಒಬ್ಬೊಬ್ಬರದು ಒಂದೊಂದು. ಒಬ್ಬ ಮೂಗನ್ನು ಹೊರಗೆ ಬಿಟ್ಟಿದ್ದ, ಬಾಗಿಲಲ್ಲಿ ಕಾವಲು ನಿಲ್ಲಿಸಿದ ಹಾಗೆ. ಗುಕ್ ಪಾನ್‌ಸು ತನ್ನ ಮಾಸ್ಕಿಗೆ ಸಿಗರೇಟು ತೂರುವಷ್ಟು ತೂತು ಕೊರೆದಿದ್ದ.

"ಇದೇನ್ ಅಣ್ಣ ಇದು?" ಎಂದಳು ಓಕ್‌ಬುನ್.

"ಇದ್ರಿಂದ ಹೊಗೆ ಹೊರಗೆ ಮಾತ್ರ ಹೋಗುತ್ತೆ ಕಣಮ್ಮ, ಒಳಗೆ ಬರಲ್ಲ."

ಯಾರದೋ ಗಡ್ಡಕ್ಕೆ ಬೆಂಕಿ ಬಿದ್ದರೆ ಅದರಲ್ಲೇ ಬೀಡಿ ಹಚ್ಚಿಕೊಳ್ಳುವ ಜಾತಿ ಅವನು. ಅವನಿಗೆ ಹೊಸ ಮಾಸ್ಕ್ ಕೊಟ್ಟು, ಮೂಗಿನ ತಂತಿಯನ್ನು ತಾನೇ ಒತ್ತಿ, ಕಣ್ಣಲ್ಲಿ ನೀರು ಬಂದ ಮೇಲೆ ಬಿಟ್ಟಳು. ಮೆಷಿನ್ನಿನ ದೀಪ ಹಸಿರಾಯಿತು. ಒಂಬತ್ತೂ ಜನ ಅಡಿಯಿಂದ ಕಾಯಿಸಿದ ಬೆಚ್ಚನೆಯ ನೆಲದ ಮೇಲೆ ಕೂತು ಇಸ್ಪೀಟಿನಂಥ ಎಲೆಯಾಟ ಶುರುಮಾಡಿದರು.

ಭಾವ ಬರಲಿಲ್ಲ. ಅವಳೇ ಹೋದಳು. ಅವನು ಜೇನುಪೆಟ್ಟಿಗೆಗಳ ನಡುವೆ ಕುರ್ಚಿ ಹಾಕಿಕೊಂಡು, ಕಿತ್ತಳೆ ಬಣ್ಣದ ಸೂರ್ಯನನ್ನು ನೋಡುತ್ತ ಕೂತಿದ್ದ.

"ಭಾವ, ಏಳಿ. ಭವನಕ್ಕೆ ಹೋಗೋಣ."

"ಇಪ್ಪತ್ತಾರು ವರ್ಷ ಕಲ್ಲಿದ್ದಲು ತಿಂದಿದ್ದೀನಿ. ಈ ಸೌದೆ ಹೊಗೆ ನನಗೇನ್ ಮಾಡುತ್ತಮ್ಮ?"

"ತಿಂದಿದ್ದಕ್ಕೇ ಹೇಳ್ತಿರೋದು. ಹೊಟ್ಟೆ ತುಂಬಿದೋರಿಗೆ ಮತ್ತೆ ಬಡಿಸ್ತಾರಾ?"

"ಹೊಗೆ ಹಾಕಿದ್ರೆ ಜೇನುಹುಳಾನೂ ಸುಮ್ಮನಾಗುತ್ತೆ. ನೀನೊಬ್ಬಳು ಸುಮ್ಮನಾಗಲ್ಲ ನೋಡು."

ಓಕ್‌ಬುನ್ ಜೇಬಿನಿಂದ ಹೊಸ ಮಾಸ್ಕ್ ತೆಗೆದು ಅವನ ಮುಖಕ್ಕೆ ಹಿಡಿದಳು. ಅದು ಗಡ್ಡದ ಮೇಲೆ ಬತ್ತದ ಹುಲ್ಲಿನ ಬಣವೆಗೆ ಬಟ್ಟಲು ಕವುಚಿದ ಹಾಗೆ ಕೂತಿತು. ನಾಲ್ಕೂ ಕಡೆಯಿಂದ ಗಾಳಿ. ಉಸಿರು ಬಿಟ್ಟಾಗಲೆಲ್ಲ ಕೆನ್ನೆಯ ಕೂದಲು ಅಲ್ಲಾಡುತ್ತಿತ್ತು.

"ಹಾಕ್ಕೊಂಡೆ. ಆಯ್ತಲ್ಲ? ಹೋಗು."

"ಇದು ಹಾಕ್ಕೊಂಡಂಗಲ್ಲ ಭಾವ, ಗಡ್ಡಕ್ಕೆ ಟೋಪಿ. ಇಷ್ಟು ಗಡ್ಡ ತೆಗೆದ್ರೆ..."

ಅವನು ನೋಡಿದ ನೋಟಕ್ಕೆ ಆ ಮಾತು ಅಲ್ಲೇ ನಿಂತಿತು. ಬೆಟ್ಟದ ದೇವರಿಗೆ ಕ್ಷೌರದ ಮಾತೆತ್ತಿದ್ದೇ ಮಹಾಪಾಪ. ಅವಳು ಅವನನ್ನು ಮನೆಯೊಳಗಾದರೂ ಕೂರಿಸಿ, ಕಿಟಕಿಗಳ ಚಿಲಕ ಹಾಕಿ, ಗೊಣಗುತ್ತ ಪ್ಯೋ ಅಜ್ಜಿಯ ಮನೆಗೆ ಹೋದಳು.

ಎಂಬತ್ತೆಂಟರ ಪ್ಯೋ ಅಜ್ಜಿ ಬರಲು ತಯಾರಿದ್ದಳು, ಆದರೆ ಕೋಳಿಯನ್ನು ಬಿಟ್ಟಲ್ಲ. "ನನಗೆ ಪುಪ್ಪಸ ಇದ್ದಂಗೆ ಅದಕ್ಕಿಲ್ವಾ?" ಅಂದಳು. ನರ್ಸಿನ ಪಟ್ಟಿಯಲ್ಲಿ ಕೋಳಿಯ ಮಾತೇ ಇರಲಿಲ್ಲ. ಕೋಳಿಯನ್ನು ಬುಟ್ಟಿಗೆ ಹಾಕಿ, ಬುಟ್ಟಿಗೆ ದುಪ್ಪಟಿ ಸುತ್ತಿ, ಅಜ್ಜಿಯನ್ನು ಕೈಹಿಡಿದು ಕರೆತರುವಷ್ಟರಲ್ಲಿ ಮಧ್ಯಾಹ್ನ ಹನ್ನೆರಡಾಯಿತು.

ಭವನದ ಅಂಗಳದಲ್ಲೇ ಓಕ್‌ಬುನ್‌ಗೆ ವಾಸನೆ ಬಡಿಯಿತು. ಪೈನ್ ಮರದ ವಾಸನೆಯಲ್ಲ, ಬಾಯಲ್ಲಿ ನೀರೂರಿಸುವ ವಾಸನೆ. ಒಳಗಿನ ರೂಮಿನ ಬಾಗಿಲು ತೆಗೆದಳು. ಮೋಡದೊಳಗೆ ಕಾಲಿಟ್ಟ ಹಾಗಾಯಿತು. ಮೋಡದ ನಡುವೆ ಗ್ಯಾಸ್ ಒಲೆ, ಒಲೆಯ ಮೇಲೆ ಕಾವಲಿ, ಕಾವಲಿಯಲ್ಲಿ ಚುರ್‌ಗುಡುವ ಕೊಬ್ಬಿನ ಹಂದಿಮಾಂಸ. ಚಿಮಟ ಹಿಡಿದು ಕೂತವನು ಹಾಕ್‌ಚೋಲ್! ಮೂರು ಸಲ ಮೈಕಿನಲ್ಲಿ ಕರೆದರೆ ಬಾರದವನು ಪಾನ್‌ಸುವಿನ ಒಂದು ಫೋನಿಗೆ, ಬಟ್ಟಲು ಕವುಚಿದ ಆ ಮಾಸ್ಕನ್ನೇ ಕಿವಿಗೆ ನೇತುಹಾಕಿಕೊಂಡು ಬಂದಿದ್ದ.

"ಬಾಮ್ಮ ಬಾ," ಎಂದ ಪಾನ್‌ಸು, ಬಹಳ ಉಪಕಾರ ಮಾಡಿದವನ ಗತ್ತಿನಲ್ಲಿ. "ಹಂದಿ ಕೊಬ್ಬು ಗಂಟಲಲ್ಲಿರೋ ದೂಳನ್ನೆಲ್ಲ ತೊಳ್ಕೊಂಡ್ ಹೋಗುತ್ತೆ. ಗಣಿಯವರೆಲ್ಲ ಹಿಂಗೇ ಬದುಕಿದ್ದು. ಕೇಳು ಹಾಕ್‌ಚೋಲ್ ಅಣ್ಣನ್ನ."

"ಗಂಟಲಿಗೆ ಹೋಗೋದು ಊಟ, ಎದೆಗೆ ಹೋಗೋದು ಉಸಿರು! ಎರಡಕ್ಕೂ ದಾರಿ ಬೇರೆ!" ಓಕ್‌ಬುನ್ ಮಾಸ್ಕ್ ಎಳೆದು ಕೂಗಿದಳು. "ಹೊರಗೆ ಗುಡ್ಡ ಉರೀತಿದೆ ಅಂತ ನಿಮ್ಮನ್ನ ಒಳಗೆ ಕೂರ್ಸಿದ್ರೆ, ಒಳಗೆ ಹಂದಿ ಉರಿಸ್ಕೊಂಡ್ ಕೂತಿದ್ದೀರಲ್ರೀ! ಆ ಮೆಷಿನ್ನಿನ ಮುಖ ನೋಡಿ!"

ಮೆಷಿನ್ನಿನ ದೀಪ ಕೆಂಪಗೆ ಉರಿಯುತ್ತಿತ್ತು. ಅದು ಘಟ್ಟ ಹತ್ತುವ ಹಳೇ ಬಸ್ಸಿನ ಹಾಗೆ ಮೊರೆಯುತ್ತಿತ್ತು. ಬುಟ್ಟಿಯೊಳಗಿಂದ ಕೋಳಿಯೂ ಒಮ್ಮೆ ಕೆಮ್ಮಿತೆಂದು ಪ್ಯೋ ಅಜ್ಜಿ ಇಂದಿಗೂ ಪ್ರಮಾಣ ಮಾಡುತ್ತಾಳೆ.

ಒಲೆ ಆರಿಸಿದ್ದಾಯಿತು. ಆದರೆ ಒಳಗಿನ ಹೊಗೆಯನ್ನು ಎಲ್ಲಿಗೆ ಕಳಿಸುವುದು? ಕಿಟಕಿ ತೆಗೆದರೆ ಇದಕ್ಕಿಂತ ದೊಡ್ಡ ಹೊಗೆ ಒಳಗೆ. ಕೊನೆಗೆ ಮೆಷಿನ್ನೇ ತಿಂದು ಮುಗಿಸಲಿ ಎಂದು ಎಲ್ಲರಿಗೂ ಮಾಸ್ಕ್ ಬಿಗಿಸಿ ಕೂರಿಸಿದಳು. ಮುಕ್ಕಾಲು ಬೆಂದ ಮಾಂಸ ನಡುವೆ, ಸುತ್ತ ಬಾಯಿ ಮುಚ್ಚಿಕೊಂಡ ಹತ್ತು ಜನ. ಯಾರೋ ತೀರಿಹೋದವರ ಮುಂದೆ ಕೂತ ಹಾಗಿತ್ತು. ಪಾನ್‌ಸುವಿನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

ಹನ್ನೊಂದನೆಯವನು ಹಾಕ್‌ಚೋಲ್. ಅವನಿಗೆ ಕೆಮ್ಮು ಹತ್ತಿಕೊಂಡಿತು. ಮೊದಲು ಯಾರೂ ಗಮನಿಸಲಿಲ್ಲ, ಅವನು ಕೆಮ್ಮುವುದು ದಿನದ ಮಾತು. ಆದರೆ ಈ ಸಲ ಕೆಮ್ಮು ನಿಲ್ಲಲಿಲ್ಲ. ಅವನು ಗೋಡೆಗೆ ಕೈಕೊಟ್ಟು ಬಗ್ಗಿದ. ಭುಜಗಳು ಮೇಲೆದ್ದು ಕೆಳಗಿಳಿಯುತ್ತಿದ್ದವು. ಮಾಸ್ಕ್ ಜಾರಿ ನೀಲಿಗಟ್ಟಿದ ತುಟಿ ಕಂಡದ್ದೇ ಓಕ್‌ಬುನ್ ಫೋನ್ ಎತ್ತಿಕೊಂಡಳು. ಬೈಗುಳ ಅಷ್ಟಕ್ಕೇ ನಿಂತಿತು. ಫೋನಿನಲ್ಲಿ ಯೋನ್‌ಸಿಲ್ ನಾಲ್ಕು ಪ್ರಶ್ನೆ ಕೇಳಿ ಹೇಳಿದಳು: "ಅವರು ಉಸಿರು ಕಟ್ಟಿದಾಗ ಎಳ್ಕೊಳ್ಳೋ ಔಷಧಿ ಜೇಬಲ್ಲಿದೆಯಾ? ಎರಡು ಸಲ ಎಳ್ಸಿ. ಆಂಬುಲೆನ್ಸೆಲ್ಲ ಬೆಂಕಿ ಕಡೆ ಹೋಗಿವೆ, ಕಾಯೋದು ಬೇಡ. ಸಂಚೋಕ್ ರಸ್ತೆ ತೆರೆದಿದೆ, ನಿಮ್ಮ ಗಾಡೀಲೇ ಅಲ್ಲಿನ ಆಸ್ಪತ್ರೆಗೆ ಕರ್ಕೊಂಡ್ ಹೋಗಿ. ಮಾಸ್ಕ್ ಬಿಗಿಯಾಗಿರ್ಬೇಕು."

ದಾಲ್‌ಸು ಆಗಲೇ ಎದ್ದಿದ್ದ. ಈ ಸಲ ಬಲಗಿವಿಗೂ ಕೇಳಿಸಿತ್ತು. ಅವನ ಟ್ರಕ್ ಮನೆಯ ಹತ್ತಿರವಿತ್ತು, ತರಲು ಐದು ನಿಮಿಷ. ಅದರ ಎಡಬಾಗಿಲ ರಬ್ಬರು ಕಿತ್ತುಹೋಗಿ ಎರಡು ವರ್ಷವಾಗಿತ್ತು. ನಲವತ್ತು ನಿಮಿಷದ ದಾರಿ, ಹೊಗೆ ಧಾರಾಳವಾಗಿ ಒಳಗೆ ಬರುತ್ತದೆ. ಓಕ್‌ಬುನ್ ಭಾವನ ಗಡ್ಡ ನೋಡಿದಳು. ಭಾವ ಓಕ್‌ಬುನ್‌ಳನ್ನು ನೋಡಿದ.

ಔಷಧಿ ಎಳೆದುಕೊಂಡು ಕೊಂಚ ಸುಧಾರಿಸಿದ್ದ. "ಬೇಡ," ಎಂದ, ಒಂದೊಂದೇ ಉಸಿರಿಗೆ ಒಂದೊಂದು ಮಾತು. "ಸತ್ರೆ... ಗಡ್ಡ... ಇಟ್ಕೊಂಡೇ..."

"ಸತ್ರೆ ಗಡ್ಡ ಇಟ್ಕೊಂಡು ಏನ್ ಮಾಡ್ತೀರಿ? ಅಲ್ಲಿ ಫೋಟೋ ತೆಗೆಯೋರು ಯಾರಿದ್ದಾರೆ?" ಎಂದಳು. ಆಮೇಲೆ ದನಿ ಇಳಿಸಿದಳು. ಅವಳು ದನಿ ಇಳಿಸಿದ್ದನ್ನು ಆ ರೂಮಿನವರು ಹಿಂದೆಂದೂ ಕೇಳಿರಲಿಲ್ಲ. "ಭಾವ. ಬಾಣಂತನದಲ್ಲಿ ನನಗೆ ಜ್ವರ ಬಂದಾಗ ಹಿಮದಲ್ಲಿ ನನ್ನನ್ನ ಬೆನ್ನ ಮೇಲೆ ಹೊತ್ಕೊಂಡು ಘಟ್ಟ ಇಳಿದೋರು ನೀವು. ಆವಾಗ ನಿಮ್ಮ ಎದೆ ಚೆನ್ನಾಗಿತ್ತು. ಈಗ ನನ್ನ ಕೈಲಿ ನಿಮ್ಮನ್ನ ಹೊರೋಕಾಗಲ್ಲ. ಇದೊಂದು ಮಾಡ್ತೀನಿ, ಸುಮ್ಮನಿರಿ."

ಹಾಕ್‌ಚೋಲ್ ಕಣ್ಣು ಮುಚ್ಚಿಕೊಂಡ. ಅದನ್ನೇ ಒಪ್ಪಿಗೆಯೆಂದು ತಿಳಿದರು.

ಮಾಂಸ ಕತ್ತರಿಸಲು ತಂದಿದ್ದ ಕತ್ತರಿಯಿತ್ತು. ಪ್ಯೋ ಅಜ್ಜಿ ಅದನ್ನು ತೊಳೆದುಕೊಟ್ಟಳು. ಪಾತ್ರೆ ತೊಳೆಯುವ ಸೋಪಿನ ನೊರೆ ಬಂತು. ಪಾನ್‌ಸು ಪಕ್ಕದ ತನ್ನ ಮನೆಯಿಂದ ರೇಜರ್ ತಂದ. ಮಾಡಿದ ಪಾಪಕ್ಕೆ ಪ್ರಾಯಶ್ಚಿತ್ತವೆಂಬಂತೆ ಹೊಸದನ್ನೇ ತಂದಿದ್ದ. ಓಕ್‌ಬುನ್ ಮೊದಲು ಕತ್ತರಿಯಾಡಿಸಿದಳು. ಎರಡು ದಶಕದ ದೇವರು ಹಳೇ ಪತ್ರಿಕೆಯ ಮೇಲೆ ಹಿಡಿ ಹಿಡಿಯಾಗಿ ಬಿದ್ದ. ಆಮೇಲೆ ನೊರೆ ಹಚ್ಚಿ ಎಡಗೆನ್ನೆ, ಬಲಗೆನ್ನೆ, ಕೊನೆಗೆ ಗದ್ದ ಕೆರೆದಳು. ಒದ್ದೆ ಬಟ್ಟೆಯಲ್ಲಿ ಮುಖ ಒರೆಸಿ, ಸರಿಯಾಯಿತೇ ಎಂದು ನೋಡಲು ಒಂದು ಹೆಜ್ಜೆ ಹಿಂದೆ ಸರಿದಳು.

ಸರಿದವಳು ಅಲ್ಲೇ ಕಲ್ಲಾದಳು. ನೊರೆಯ ಕೆಳಗಿಂದ ಎದ್ದು ಬಂದವಳು ಅವಳ ಅತ್ತೆ! ಅದೇ ಮುಂದೆ ಚಾಚಿದ ಗದ್ದ, ಅದೇ ಒತ್ತಿದ ತುಟಿ, ಅದೇ ನೋಟ. ಹತ್ತೊಂಬತ್ತು ವರ್ಷ ಮಣ್ಣೊಳಗಿದ್ದು, ಈಗ ಊರ ಭವನದ ನಡುಮನೆಯಲ್ಲಿ ಕೂತು ಸೊಸೆಯ ಕೆಲಸವನ್ನು ಪರೀಕ್ಷಿಸುತ್ತಿದ್ದಳು. ಓಕ್‌ಬುನ್‌ಳ ಬೆನ್ನು ತಾನಾಗಿ ನೆಟ್ಟಗಾಯಿತು. ರೇಜರ್ ಹಿಡಿದ ಕೈ ಸೊಂಟದ ಹಿಂದೆ ಹೋಯಿತು. "ಅತ್ತೆ," ಎಂದಳು, "ಆ ಕಿಮ್ಚಿ ಜಾಡಿ..."

"ಅಯ್ಯೋ, ದೊಡ್ಡಮ್ಮ!" ಎಂದು ಪಾನ್‌ಸುವೂ ಕೈಯೆರಡೂ ಮಡಿಚಿ ನಿಂತ. ಚಿಕ್ಕಂದಿನಲ್ಲಿ ಅವಳ ಮರದ ಪರ್ಸಿಮನ್ ಹಣ್ಣು ಕದ್ದವರಲ್ಲಿ ಅವನೂ ಒಬ್ಬ.

ಹಾಕ್‌ಚೋಲ್ ನಗಲು ಹೋಗಿ ಮತ್ತೆ ಕೆಮ್ಮಿದ. ಆಗ ಅವಳಿಗೆ ಎಚ್ಚರವಾಯಿತು. ಹೊಸ ಮಾಸ್ಕ್ ತೊಡಿಸಿ ತಂತಿ ಒತ್ತಿದಳು. ನಾಲ್ಕು ಸುತ್ತ ಬೆರಳಾಡಿಸಿ ನೋಡಿದಳು, ಎಲ್ಲೂ ಗಾಳಿ ಸೋರಲಿಲ್ಲ. ಉಸಿರೆಳೆದಾಗ ಮಾಸ್ಕ್ ಒಳಕ್ಕೆ, ಬಿಟ್ಟಾಗ ಹೊರಕ್ಕೆ ಬರುತ್ತಿತ್ತು. ಟ್ರಕ್ ಬಂತು. ಕಿತ್ತ ರಬ್ಬರಿನ ಸಂದಿಗೆ ಒದ್ದೆ ಟವೆಲ್ ತುರುಕಿ, ಭಾವನನ್ನು ಕೂರಿಸಿ ತಾನೂ ಹತ್ತಿದಳು. ದಾರಿಯುದ್ದಕ್ಕೂ ಅವಳು ಅವನ ಮುಖವನ್ನು ನೇರವಾಗಿ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಅವನಿಗೆ ಆಮ್ಲಜನಕ ಕೊಟ್ಟು ಐದು ದಿನ ಇಟ್ಟುಕೊಂಡರು. ಬಂದಿದ್ದು ಒಳ್ಳೆಯದಾಯಿತು, ಇನ್ನೂ ಒಂದು ದಿನ ಆ ಹೊಗೆಯಲ್ಲಿ ಕೂತಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಹಾಗೆಂದು ಹೇಳಿ ಅವರು ಓಕ್‌ಬುನ್ ಕಡೆ ತಿರುಗಿದರು. "ನಿಮಗೇನಾಗಿದೆ?" ಉತ್ತರ ಕೊಡಲು ಬಾಯಿ ತೆರೆದಳು. ಹಳೇ ಬಾಗಿಲ ಕೀಲಿನಂಥ ಒಂದು ಕೀರಲು ಹೊರಬಂತು, ಅಷ್ಟೇ. ಬೆಳಗಿನಿಂದ ಮೈಕಿನ ಮುಂದೆ, ಅಂಗಳದಲ್ಲಿ, ಹಂದಿಯ ಮೋಡದಲ್ಲಿ, ಎಲ್ಲ ಕಡೆ ಮಾಸ್ಕ್ ಇಳಿಸಿ ಕೂಗಿದ್ದರ ಫಲ.

"ಮಾಸ್ಕ್ ಹಾಕಿರ್ಲಿಲ್ವಾ?" ಎಂದರು ಡಾಕ್ಟರು.

ಹಾಕಿದ್ದಳು. ಎಲ್ಲಿ ಎಂಬುದನ್ನು ದಾಲ್‌ಸು ತನ್ನ ಗದ್ದದ ಮೇಲೆ ಬೆರಳಿಟ್ಟು ತೋರಿಸಿದ.

ಎರಡು ವಾರ ಮಾತೇ ಆಡಬಾರದೆಂದು ಅಪ್ಪಣೆಯಾಯಿತು. ಮರುದಿನ ಊರಿನವರು ಮೈಕಿನಲ್ಲಿ ಒಂದು ಅಪರಿಚಿತ ದನಿ ಕೇಳಿದರು. "ನಾನು ದಾಲ್‌ಸು. ಹೊಗೆ ಇನ್ನೂ ಇದೆ. ಕಿಟಕಿ ಹಾಕಿ. ಒಲೆ ಮೇಲೆ ಏನೂ ಹುರೀಬೇಡಿ." ಗುಂಡಿ ತಡಕಾಡಿದ ಸದ್ದು, ಆಮೇಲೆ, "ಅಷ್ಟೇ." ಊರಿನ ಇತಿಹಾಸದಲ್ಲಿ ಅಷ್ಟು ಚಿಕ್ಕ ಪ್ರಕಟಣೆ ಆಗಿರಲಿಲ್ಲ. ಎಲ್ಲರೂ ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಓಕ್‌ಬುನ್‌ಗೆ ಅದರಿಂದ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಹಾಳೆಯ ಮೇಲೆ "ಇನ್ನೂ ಸ್ವಲ್ಪ ಗದರಿಸಿ ಹೇಳಿ" ಎಂದು ಬರೆದು ಗಂಡನ ಮುಂದೆ ಹಿಡಿದಳು. ಅವನು ಕನ್ನಡಕ ಎಲ್ಲಿಟ್ಟೆನೋ ಎಂದ.

ಮೂರನೇ ದಿನ ಗಾಳಿ ತಿರುಗಿ ಮಳೆ ಬಂತು. ಜನ ಕಿಟಕಿ ತೆಗೆದು, ಒದ್ದೆ ಬಟ್ಟೆಯಲ್ಲಿ ಬೂದಿ ಒರೆಸಿದರು. ಮೆಷಿನ್ನಿನ ಫಿಲ್ಟರ್ ಹೊರತೆಗೆದಾಗ ಒಂದು ಪದರ ಕಪ್ಪಗಿತ್ತು, ಇನ್ನೊಂದು ಪದರ ಜಿಡ್ಡುಜಿಡ್ಡಾಗಿ ಹೊಳೆಯುತ್ತಿತ್ತು. ಯೋನ್‌ಸಿಲ್ ಅದನ್ನು ಮೂಗಿಗೆ ಹಿಡಿದು ಪಾನ್‌ಸುವಿನ ಕಡೆ ನೋಡಿದಳು. "ಇದಕ್ಕೆ ಉಪ್ಪು ಕಡಿಮೆಯಾಗಿದೆ ಅಣ್ಣ," ಎಂದು ಕಸದ ಬುಟ್ಟಿಗೆ ಹಾಕಿದಳು.

ಹಾಕ್‌ಚೋಲ್ ಮನೆಗೆ ಬಂದ ದಿನ ಅವನ ನಾಯಿಯೇ ಅವನಿಗೆ ಬೊಗಳಿತು. ವಾರಗಟ್ಟಲೆ ಹೆಂಗಸರು ಅವನು ಎದುರಾದರೆ ತಲೆಬಾಗಿಸಿ, ಅಭ್ಯಾಸಬಲದಿಂದ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ಅವನಿಗೆ ಅದು ಹಿಡಿಸಿತೋ ಏನೋ, ಗಡ್ಡ ಮತ್ತೆ ಬಿಡಲಿಲ್ಲ. ದೇವರಾಗಿದ್ದಾಗ ಜನ ಫೋಟೋ ಮಾತ್ರ ತೆಗೆಯುತ್ತಿದ್ದರು, ಅಮ್ಮನಾದ ಮೇಲೆ ಮಾತು ಕೇಳುತ್ತಿದ್ದಾರೆ ಎಂದು ತಮ್ಮನ ಹತ್ತಿರ ಹೇಳಿದನಂತೆ.

ಓಕ್‌ಬುನ್‌ಳ ದನಿ ಮೇ ತಿಂಗಳಲ್ಲಿ ಮರಳಿತು, ಅರ್ಧ. ಎದೆಗೆ ವ್ಯಾಯಾಮವಾಗಲೆಂದು ಯೋನ್‌ಸಿಲ್ ಗುರುವಾರದ ಮೌತ್ ಆರ್ಗನ್ ತರಗತಿಗೆ ಅವಳ ಹೆಸರನ್ನೂ ಹಾಕ್‌ಚೋಲ್‌ನ ಹೆಸರನ್ನೂ ಒಟ್ಟಿಗೆ ಬರೆಸಿದಳು. ಇಬ್ಬರೂ ಮುಂದಿನ ಸಾಲಿನಲ್ಲಿ ಅಕ್ಕಪಕ್ಕ ಕೂರುತ್ತಾರೆ. ಕಲಿತಿರುವುದು ಒಂದೇ ಹಾಡು, ತೊಟ್ಟಿಲು ತೂಗುವ ಹಳೇ ಹಾಡು. ಮೂರನೇ ಸಾಲಿಗೆ ಬರುವಷ್ಟರಲ್ಲಿ ಭಾವನ ಉಸಿರು ಮುಗಿಯುತ್ತದೆ. ಅವಳದು ಮುಗಿಯುವುದಿಲ್ಲ. ಆದರೂ ವಾದ್ಯವನ್ನು ಬಾಯಿಂದ ತೆಗೆದು, ಅವನು ಉಸಿರು ಹಿಡಿದುಕೊಳ್ಳುವವರೆಗೆ ಕಿಟಕಿಯಾಚೆ ಚಿಗುರುತ್ತಿರುವ ಗುಡ್ಡವನ್ನು ನೋಡುತ್ತ ಕೂತಿರುತ್ತಾಳೆ.